ಹೊಳೆಗೆ ಒಯ್ದ ತಂಬಿಗೆ ನೀರು

ಈಗಿನ ಸಣ್ಣ ಪೆಟ್ರೋಲ್ ಕಾರುಗಳ ಎಂಜಿನ್ನಿಗೆ ಟರ್ಬೊ ಎಂಬುದು ಗಾಳಿ ಒತ್ತಿ ತುಂಬುತ್ತದಂತೆ. ಎಂಬತ್ತರ ದಶಕದಲ್ಲಿ ನಮ್ಮನೆಯವರು ಕೊಂಡಿದ್ದ ಹಳೆಯ ಕಾರಿಗೆ ಉಸಿರೇ ಸಾಲುತ್ತಿರಲಿಲ್ಲ. ನಾಲ್ಕು ಸಿಲಿಂಡರು, ಸಾವಿರದ ಮೇಲೆ ಚೂರು ಸಿ.ಸಿ. ಆಯಿಲ್ ಕುಡಿಯುವುದು, ಪ್ಲಗ್ಗಿಗೆ ಮಸಿ ಹಿಡಿಯುವುದು, ನೀರಿನ ಪಂಪು ಸೋರುವುದು, ಒಂದಲ್ಲ ಒಂದು. ಪ್ಲಗ್ಗಿನ ಮಸಿ ಉಜ್ಜುವುದೂ, ಬಿಸಿಲಿಗೆ ಎಂಜಿನ್ನಿನ ಪಂಪಿನಲ್ಲೇ ಪೆಟ್ರೋಲು ಆವಿಯಾದರೆ ಅದಕ್ಕೆ ಒದ್ದೆ ಅರಿವೆ ಸುತ್ತುವುದೂ ರೊಟ್ಟಿ ಬಡಿದಷ್ಟೇ ನನ್ನ ಪಾಲಿನ ಕೆಲಸವಾಗಿದ್ದವು. ಸಾಕಾಗಿ ಹೋಗಿತ್ತು.

ಒಂದು ಬೇಸಿಗೆ, ಜ್ವರದಿಂದ ಎದ್ದು ಎಂಟೇ ದಿನವಾಗಿದ್ದ ನಮ್ಮತ್ತೆ, ಶಿವಯೋಗ ಮಂದಿರದ ಹೊಳೆದಂಡೆಯಲ್ಲಿ ಲಿಂಗಪೂಜೆ ಮಾಡಿಕೊಳ್ಳಬೇಕೆಂದರು. ಪೂಜೆಯಾಗದೆ ಅವರು ಹನಿ ನೀರೂ ಮುಟ್ಟುವವರಲ್ಲ. ಮಗನ ಗಾಡಿಯ ಮೇಲೆ ನಂಬಿಕೆಯಿಲ್ಲದೆ ಒಂದು ತಂಬಿಗೆ ಸೋಸಿದ ನೀರು ಜೊತೆಗಿಟ್ಟುಕೊಂಡರು. ದಾರಿಯಲ್ಲಿ ಕೆಟ್ಟು ನಿಂತರೆ ಅಲ್ಲೇ ಪೂಜೆ, ಅಲ್ಲೇ ಊಟ ಎಂದು.

ಇಳಕಲ್ಲಿನಿಂದ ಹೊರಟು ಗುಡೂರು ದಾಟುವಷ್ಟರಲ್ಲಿ ಎಂಜಿನ್ ಎರಡು ಸಲ ಕಾದು, ನಮ್ಮ ಕುಡಿಯುವ ನೀರನ್ನೆಲ್ಲ ರೇಡಿಯೇಟರ್ ನುಂಗಿತ್ತು. ಮೂರನೆಯ ಸಲ ನಿಂತಾಗ ಸುತ್ತ ಬರಿಯ ಹೊಲ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅದರ ಹೆಡ್ಡು ಬಿರಿಯುತ್ತದೆಂದು ನಮ್ಮನೆಯವರು ಬಾನೆಟ್ ಎತ್ತಿಟ್ಟು ಕುಳಿತರು. ಎಂಜಿನ್ ಆರಿದ ಮೇಲೂ ಅವರು ಏಳಲಿಲ್ಲ. ಉಳಿದ ನೀರೆಂದರೆ ಅತ್ತೆಯ ತಂಬಿಗೆಯದೊಂದೇ, ಅದನ್ನೇ ನೋಡುತ್ತಿದ್ದರು. ಅತ್ತೆಯ ತುಟಿ ಒಣಗಿದ್ದು ಕಂಡು, ಇಲ್ಲೇ ಪೂಜೆ ಮಾಡಿಕೊಂಡು ಎರಡು ತುತ್ತು ಉಣ್ಣಿರೆಂದು ನಾನೇ ಅಂದೆ.

"ಲಿಂಗ ನನ್ನ ಎದಿ ಮ್ಯಾಲ ಐತಿ, ನೀರು ಹೊಳ್ಯಾಗ ಐತಿ," ಎಂದರು ಅತ್ತೆ. "ನಡುವ ನಿನ್ನ ಗಂಡನ ಎಂಜಿನ್ ಒಂದು ಅಡ್ಡ ಕುಂತೈತಿ. ಅದಕ್ಕ ಹಾಕವ್ವಾ, ಮೊದಲು ಅದರ ನೀರಡಿಕಿ ಹಿಂಗಲಿ."

"ಗಾಡಿ ಮತ್ತ ನಿಂತರ ಏನ್ ಮಾಡೂದ್ರಿ?" ಎಂದೆ.

"ನಿಂತಲ್ಲೂ ಶಿವ ಇರ್ತಾನ. ಹಾಕು."

ಸಣ್ಣ ಧಾರೆಯಾಗಿ ಹಾಕಿದೆ. ಇಳಿಜಾರು ಸಿಕ್ಕಲ್ಲೆಲ್ಲ ನಮ್ಮನೆಯವರು ಎಂಜಿನ್ ಬಂದ್ ಮಾಡಿ ಗಾಡಿ ಉರುಳಿಸಿದರು. ಏರು ಬಂದಾಗಲೆಲ್ಲ ನಾನು ಪಂಚಾಕ್ಷರಿ ಜಪಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ನನ್ನ ಹೆಗಲಿಗೆ ಒರಗಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಹೊಳೆ ಕಂಡಿತು. ಮೊಣಕಾಲಷ್ಟು ನೀರು. ಆ ಬೇಸಿಗೆಯಲ್ಲಿ ಅಷ್ಟಿದ್ದದ್ದೇ ದೊಡ್ಡದು.

ಪೂಜೆ ಮುಗಿಸಿ ಅತ್ತೆ ಅರ್ಧ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ತಿಂದರು. ಮುಖಕ್ಕೆ ಕಳೆ ಬಂತು. ಆಮೇಲೆಯೇ ನನಗೆ ಹಸಿವಾದದ್ದು ಗೊತ್ತಾಯಿತು. ನಾನು ಉಣ್ಣುತ್ತಿರುವಾಗ ಅತ್ತೆ ಆ ತಂಬಿಗೆಯನ್ನು ಹೊಳೆಯಲ್ಲಿ ತುಂಬಿ ತಂದು ಸೀಟಿನ ಕೆಳಗಿಟ್ಟರು. ಇನ್ನು ಅದು ಗಾಡಿಗೇ ಇರಲಿ, ಪೂಜೆಗೆ ಬೇರೆ ತಂಬಿಗೆ ತೆಗೆದುಕೊಂಡರಾಯಿತು ಎಂದರು.