ಬುಸುಗುಟ್ಟಿದ ಇಂಜಿನ್ನಿಗೆ ಆರತಿ

“ಯಾರೂ ಅಲುಗಾಡಬ್ಯಾಡ್ರಿ!” ಎಂದು ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟು ಕೂಗಿದ್ದೇ ತಡ, ಇಂಜಿನ್ನು ‘ಬುಸ್’ ಎಂದು ಹಬೆ ಬಿಟ್ಟಿತು. ಸವಣೂರು ಸ್ಟೇಶನ್ನಿನಲ್ಲಿ ನೆರೆದಿದ್ದ ಜನ ಚಪ್ಪಲಿಗಳನ್ನು ಅಲ್ಲಿಯೇ ಬಿಟ್ಟು ದಿಕ್ಕಾಪಾಲಾಗಿ ಓಡಿದರು. ಗಾಬರಿಯಲ್ಲಿ ನನ್ನ ಬೆರಳು ಗುಂಡಿ ಒತ್ತಿಬಿಟ್ಟಿತು. ರೋಲಿನಲ್ಲಿ ಉಳಿದಿದ್ದ ಕೊನೆಯ ಫೋಟೊ ಅದು!

ಅರವತ್ತರ ದಶಕದ ಮಾತಿದು. ಕೆಟ್ಟು ನಿಂತಿದ್ದ ಹಳೆಯ ಉಗಿ ಇಂಜಿನ್ನು ರಿಪೇರಿಯಾಗಿ, ಹೊಸ ಬಣ್ಣ ಬಳಿಸಿಕೊಂಡು ಅಂದು ನಮ್ಮ ಸ್ಟೇಶನ್ನಿಗೆ ಬಂದಿತ್ತು. ನೋಡಲು ಶಿಗ್ಗಾಂವಿ ಕಡೆಯಿಂದೆಲ್ಲ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಎಲ್ಲರಿಗೂ ಫೋಟೊದಲ್ಲಿ ಬರುವ ಆಸೆ. ಅವರು ಮುಂದೆ ಮುಂದೆ ನುಗ್ಗಿ ನಿಂತದ್ದರಿಂದ ಇಂಜಿನ್ನಿನ ಚಿಮಣಿಯೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹಬೆ ಕರಗಿದಾಗ ನೋಡುತ್ತೇನೆ, ದುಂಡಸಿಯ ಅಜ್ಜಿಯೊಬ್ಬಳು ಮಾತ್ರ ನಿಂತಲ್ಲೇ ನಿಂತಿದ್ದಾಳೆ! ಹೊಸ ಚಕ್ಕಡಿಗೆ ಬೆಳಗುವ ಹಾಗೆಯೇ ಇಂಜಿನ್ನಿಗೂ ಆರತಿ ಬೆಳಗುತ್ತಿದ್ದಾಳೆ.

“ಅಂಜಿಕಿ ಆಗ್ಲಿಲ್ಲೇನಬೇ ಅಜ್ಜಿ?” ಎಂದೆ.

“ಎತ್ತಿದ ಆರತಿ ನಡುವ ಇಳಿಸ್ತಾರೇನೋ ತಮ್ಮಾ? ಇದು ಒಮ್ಮೆ ಬುಸ್ ಅಂತೈತಿ, ಆಮ್ಯಾಲ ತಾನ ಸುಮ್ಮನಾಗ್ತೈತಿ. ನಮ್ಮ ಮನಿಯಾವ್ರೂ ಹಿಂಗ ಇದ್ರು” ಎಂದು ಆರತಿ ಮುಗಿಸಿಯೇ ಹೋದಳು.

ಆ ಫೋಟೊದಲ್ಲಿ ಇಂಜಿನ್ನು ಕಾಣುವುದೇ ಇಲ್ಲ. ಬರೀ ಬಿಳಿ ಹಬೆ, ಅದರ ನಡುವೆ ಮಸುಕಾಗಿ ಅಜ್ಜಿ. ಆದರೂ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೇನೆ. ಈ ಕಥೆ ಕೇಳಿದ ಮೇಲೆ, ನಾನು ಎಷ್ಟೇ ಕೂಗಾಡಿದರೂ ನನ್ನ ಹೆಂಡತಿ ಒಮ್ಮೆ ಆ ಫೋಟೊದ ಕಡೆ ನೋಡಿ, ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಾಳೆ.