ಗಂಗವ್ವನ ಒಲೆ ಮತ್ತು ನನ್ನ ಸಹಿ

ಗ್ಯಾಸಿನ ಪುಸ್ತಕ ಹುಡುಕಲೆಂದು ಇವತ್ತು ಬೆಳಿಗ್ಗೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಪುಸ್ತಕ ಸಿಗಲಿಲ್ಲ. ಸಿಕ್ಕಿದ್ದು ಒಂದು ರಟ್ಟಿನ ಪ್ಯಾಡು, ಅದರ ತುಕ್ಕು ಹಿಡಿದ ಕ್ಲಿಪ್ಪಿಗೆ ಕಚ್ಚಿಕೊಂಡಿದ್ದ ಒಂದು ಹಳದಿಯಾದ ಫಾರ್ಮು. ಧೂಳಿಗೆ ನಾಲ್ಕು ಸಲ ಸೀನಿದೆ. ಐದನೆಯ ಸೀನು ಅರ್ಧಕ್ಕೇ ನಿಂತಿತು, ಏಕೆಂದರೆ ಫಾರ್ಮಿನ ಕೊನೆಯ ಸಾಲು ಕಣ್ಣಿಗೆ ಬಿತ್ತು: 'ಒಲೆಯನ್ನು ಕಣ್ಣಾರೆ ನೋಡಿ ಬರೆದಿದ್ದೇನೆ.' ಕೆಳಗೆ ನನ್ನ ಸಹಿ. ಸಹಿಯೇನೋ ಚಂದವಾಗಿಯೇ ಇದೆ. ನಾನು ಮಾತ್ರ ಆ ಒಲೆ ನೋಡಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಧಾರವಾಡದಲ್ಲಿ ಒಬ್ಬ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯ ಕೈಕೆಳಗೆ ನಾನು ಹಳ್ಳಿ ಹಳ್ಳಿ ತಿರುಗಿ ಫಾರ್ಮು ತುಂಬುವ ಕೆಲಸ ಮಾಡುತ್ತಿದ್ದೆ. ಎಲ್ಲರಿಗೂ ಅವರು ಮೇಡಂ, ನನಗೂ ಮೇಡಂ. ಅವರ ಸಂಶೋಧನೆಯ ಹೆಸರು ಒಂದೂವರೆ ಸಾಲು ಉದ್ದ. ಬೆಳವಣಿಗೆ, ತಂತ್ರಜ್ಞಾನ, ಪರಿಸರ ಎಲ್ಲ ಅದರಲ್ಲಿ ಒತ್ತೊತ್ತಾಗಿ ಕೂತಿದ್ದವು. ಒಮ್ಮೆ ರಾಯಾಪುರದ ಹತ್ತಿರ ಬಸ್ಸು ಕೆಟ್ಟು ನಿಂತಾಗ ಧೈರ್ಯ ಮಾಡಿ ಅದರ ಅರ್ಥ ಕೇಳಿಯೇ ಬಿಟ್ಟೆ.

"ಅಂಥಾದ್ದೇನಿಲ್ಲಪಾ," ಅಂದರು. "ಊರು ಬೆಳೀತಂದ್ರ ಊರಾಗಿನ ಹೊಗಿ ಹೆಚ್ಚಾಗ್ತೈತೋ ಕಡಿಮಿ ಆಗ್ತೈತೋ? ಹೊಸಾ ಸಾಮಾನು ಬಂದ್ರ ಮಂದಿ ಯಾಕ ತಗೋತಾರ, ಯಾಕ ಬಿಡ್ತಾರ? ಇಷ್ಟೇ ನೋಡು."

ಪಕ್ಕದಲ್ಲಿ ನಿಂತಿದ್ದ ಕಂಡಕ್ಟರು, "ಹೊಗಿ ಹೆಚ್ಚಾಗೋದ್ರೀ ಮೇಡಮ್ಮರ, ನಮ್ಮ ಗಾಡಿ ನೋಡ್ರಿ," ಅಂದ. ಮೇಡಂ ಅದನ್ನೂ ಡೈರಿಯಲ್ಲಿ ಬರೆದುಕೊಂಡರು. ಅವರ ಸ್ವಭಾವವೇ ಹಾಗೆ. ಯಾರು ಏನು ಹೇಳಿದರೂ ಕಣ್ಣು ಅರಳುತ್ತಿತ್ತು. ನನಗೋ ಮಧ್ಯಾಹ್ನದ ಊಟ ಎಲ್ಲಿ ಎಂಬ ಒಂದೇ ಸಂಶೋಧನೆ.

ಆ ವರ್ಷಗಳಲ್ಲಿ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಮನೆಮನೆಗೆ ಹೊಗೆ ಕೊಳವೆಯ ಹೊಸ ಮಣ್ಣಿನ ಒಲೆ ಹಾಕಿಸಿದ್ದರು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ, ಹೆಣ್ಣುಮಕ್ಕಳ ಕಣ್ಣು, ಎದೆ ಉಳಿಯುತ್ತವೆ. ಆ ಒಲೆಗಳನ್ನು ಜನ ಬಳಸುತ್ತಾರೋ ಇಲ್ಲವೋ ನೋಡಿ ಬರುವುದು ನನ್ನ ಕೆಲಸ. ಆದರೆ ನೋಡುವುದು ಹೇಗೆ ಹೇಳಿ? ಹೊರಗಿನ ಗಂಡಸು ಪಡಸಾಲೆ ದಾಟಿ ಅಡುಗೆಮನೆಗೆ ಕಾಲಿಡುವ ರೂಢಿ ಅಲ್ಲಿಲ್ಲ. ಕಂಬಳಿ ಹಾಸಿ ಕೂರಿಸುತ್ತಿದ್ದರು, ಒಳಗಿನಿಂದ ಚಹಾ ಬರುತ್ತಿತ್ತು, ಉತ್ತರ ಕೊಡುತ್ತಿದ್ದವರು ಮನೆಯ ಯಜಮಾನರು.

"ಒಲಿ ಹೆಂಗೈತ್ರಿ?"

"ಬಾಯಿ ಒಡದೈತ್ರಿ."

'ಒಡೆದಿದೆ, ಬಳಕೆಯಲ್ಲಿಲ್ಲ' ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ, ಚಹಾ ಮುಗಿಸಿ ಮುಂದಿನ ಮನೆಗೆ ನಡೆಯುತ್ತಿದ್ದೆ. ಬಳಕೆಯ ಮಾತನ್ನು ಯಜಮಾನರೂ ಆಡಿರಲಿಲ್ಲ. ಅದು ನನ್ನದೇ ಸೇರ್ಪಡೆ. ಹೀಗೆ ಮೂರು ವರ್ಷ, ಓಣಿ ಓಣಿಯಲ್ಲಿ ಒಡೆದ ಒಲೆಗಳು.

ಮೇಡಂ ವರದಿ ಬರೆದರು. ಇಲ್ಲಿನ ಹೆಣ್ಣುಮಕ್ಕಳಿಗೆ ಹೊಸ ಒಲೆ ಒಗ್ಗಿಲ್ಲ, ಮತ್ತೆ ಕಟ್ಟಿಸಿ ಉಪಯೋಗವಿಲ್ಲ, ಇದು ಅದರ ಸಾರ. ಮುಂದಿನ ವಾರ ಅದು ಒಲೆ ಹಾಕಿಸುತ್ತಿದ್ದವರ ಕೈಸೇರಿದ್ದರೆ ಅಮ್ಮಿನಬಾವಿ ಊರಿಗೆ ಬರಬೇಕಿದ್ದ ಒಲೆಗಳೂ ನಿಲ್ಲುತ್ತಿದ್ದವು. ಕಳಿಸುವ ಮೊದಲು ಒಮ್ಮೆ ಮುಗದಕ್ಕೆ ಹೋಗಿ ಬರೋಣ ಅಂದರು. ಯಾಕೆ ಹಾಗನ್ನಿಸಿತೋ ಅವರಿಗೇ ಗೊತ್ತು.

ಮೊದಲು ಹೋದದ್ದು ಗಂಗವ್ವನ ಮನೆಗೆ, ಇವತ್ತು ಸಿಕ್ಕ ಫಾರ್ಮು ಆ ಮನೆಯದೇ. ಮೇಡಂ ಹೆಂಗಸು, ಸೀದಾ ಒಳಗೆ ಹೋದರು. ನಾನು ಎಂದಿನಂತೆ ಕಂಬಳಿಯ ಮೇಲೆ. ಚಹಾ ಬಂತು, ಆರಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ನಡುನಡುವೆ ಇಬ್ಬರು ಹೆಂಗಸರ ನಗು. ಆಮೇಲೆ ಮೇಡಂ ಕೂಗಿದರು: "ಚಪ್ಪಲಿ ಬಿಟ್ಟು ಒಳಗ ಬಾರಪಾ. ಗಂಗವ್ವಾನ ಕರೀರಿ ಅಂದಾಳ."

ಹೋದೆ. ಒಲೆ ಉರಿಯುತ್ತಿತ್ತು. ಬಾಯಿ ಒಡೆದಿತ್ತು, ನಿಜ. ಆದರೆ ಎಷ್ಟು ಒಪ್ಪವಾಗಿ ಅಂತೀರಿ. ಅಂಚಿಗೆ ಮಣ್ಣು ಮೆತ್ತಿ ಸಾರಿಸಿದ್ದಳು. ಮುಂದೆ ಎಳೆದ ಕೆಂಡಕ್ಕೆ ಆನಿಸಿ ಜೋಳದ ರೊಟ್ಟಿ ನಿಲ್ಲಿಸಿದ್ದಳು, ಅದು ಉಬ್ಬುತ್ತಿತ್ತು.

"ಬಿದ್ದು ಒಡದದ್ದಲ್ರೀ ಅಕ್ಕಾರ," ಗಂಗವ್ವ ಹೇಳಿದಳು. "ನಾನ ಕಳೆ ತಗಿಯೋ ಕುರ್ಪಿ ತಗೊಂಡು ಕೆತ್ತೇನಿ. ಬಾಯಿ ಭಾಳ ಸಣ್ಣದಿತ್ತು. ಹಂಚಿನ ಮ್ಯಾಲಿಂದ ತಗದ ರೊಟ್ಟಿ ಕೆಂಡಕ್ಕ ನಿಂದ್ರಸಬೇಕಲ್ರಿ, ಜಾಗಾನ ಇರಲಿಲ್ಲ."

"ಮತ್ತ ಹೊಗಿ?" ಮೇಡಂ ಕೇಳಿದರು.

ಗಂಗವ್ವ ಮೂಲೆಯಿಂದ ಎಣ್ಣೆ ಡಬ್ಬಿಯ ತಗಡೊಂದನ್ನು ತೆಗೆದು ಒಲೆಯ ಬಾಯಿಗೆ ಅಡ್ಡ ಇಟ್ಟಳು. ಅಳತೆ ತಪ್ಪದೆ ಕೂತಿತು. "ಬ್ಯಾಳಿ ಕುದಸುವಾಗ ಇದನ್ನ ಮುಚ್ಚತೇನ್ರಿ. ಹೊಗಿ ಎಲ್ಲಾ ಕೊಳವ್ಯಾಗ ಹೊಕ್ಕೈತಿ. ಓಣ್ಯಾಗ ಎಲ್ಲಾರೂ ಹಿಂಗ ಮಾಡ್ಯಾರ."

ಮೇಡಂ ನೆಲದ ಮೇಲೆ ಕೂತೇ ಬಿಟ್ಟರು. ಕೈಯಲ್ಲಿ ಬಿಸಿ ರೊಟ್ಟಿ, ಬೆರಳು ಸುಡುತ್ತಿದ್ದರೂ ಬಿಡಲೊಲ್ಲರು. "ಮೂರು ವರ್ಷದ ಕೆಲಸಾ ಮಣ್ಣಾತಲ್ಲಪಾ," ಅಂದವರು ಚಿಕ್ಕ ಹುಡುಗಿಯಂತೆ ನಗಲು ಶುರು ಮಾಡಿದರು. "ಇವರು ಒಲಿ ಬಿಟ್ಟಿಲ್ಲ, ಸುಧಾರಣಿ ಮಾಡ್ಯಾರ. ನಾವು ಅದನ್ನ ಹಾಳಾತು ಅಂತ ಬರಕೊಂಡೇವಿ." ಅವತ್ತು ಊಟದ ನೆನಪೂ ಇಲ್ಲದೆ ಓಣಿಯ ಮನೆಮನೆ ಹೊಕ್ಕೆವು. ಪ್ರತಿ ಅಡುಗೆಮನೆಯಲ್ಲೂ ಒಂದು ತಗಡು. ಒಂದಕ್ಕೆ ತಂತಿಯ ಹಿಡಿಕೆ, ಇನ್ನೊಂದಕ್ಕೆ ಗಾಳಿಗೆ ತೂತು. ಆ ಕೆಲಸದಲ್ಲಿ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಹಳೆಯ ವರದಿ ಹರಿದು ಹೊಸದು ಬರೆದರು. ಅಮ್ಮಿನಬಾವಿಯ ಒಲೆಗಳ ಬಾಯಿ ಎಷ್ಟು ಅಗಲ ಇರಬೇಕೆಂದು ಗಾರೆಯವರಿಗೆ ತೋರಿಸಿಕೊಟ್ಟವಳು ಗಂಗವ್ವ. ಆದರೆ ಸಭೆಯಲ್ಲಿ ವರದಿ ಓದಿದ ದಿನ ಯಾರೋ ಎದ್ದು, ಮೊದಲು ಹೀಗೇಕೆ ತಪ್ಪಾಯಿತು ಎಂದು ಕೇಳಿದರು. ಮೇಡಂ, "ಪ್ರಶ್ನೆ ಬರೆದವಳು ನಾನು, ತಪ್ಪು ನನ್ನದು" ಅಂದರು. ಹಿಂದಿನ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿ ಕೂತೆ. ನೋಡದೆ ಸಹಿ ಹಾಕಿದ್ದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಲಿಲ್ಲ.

ಇವತ್ತು ತಡೆಯಲಾಗಲಿಲ್ಲ, ಫೋನ್ ಮಾಡಿದೆ. ಮೇಡಂ ನಿವೃತ್ತರಾಗಿ ಬಹಳ ದಿನವಾಯಿತು, ದನಿ ಮಾತ್ರ ಅದೇ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ನನಗ ಅವತ್ತ ಗೊತ್ತಾತಪಾ," ಅಂದರು. "ಗಂಗವ್ವನ ಅಡಗಿಮನಿ ಬಾಗಲಾ ಗಿಡ್ಡ. ನೀ ತಲಿ ಬಡಕೊಂಡಿ. ಮೊದಲ ಒಮ್ಮೆರ ಒಳಗ ಬಂದಾಂವ ಆಗಿದ್ರ ಬಗ್ಗತಿದ್ದಿ."

ನಾನು ತಲೆ ಬಡಿದುಕೊಂಡದ್ದೇ ಮರೆತಿದ್ದೆ. "ಮತ್ಯಾಕ ಬೈಲಿಲ್ರಿ?"

"ಬೈದಿದ್ರ ಕೆಲಸಾ ಬಿಟ್ಟು ಹೋಗ್ತಿದ್ದಿ. ಬೈಲಿಲ್ಲ, ಆಮ್ಯಾಲೆ ಎಲ್ಲಾ ಮನ್ಯಾಗೂ ಬಗ್ಗಿ ನೋಡಿದಿ. ಹೇಳದ ಇದ್ದದ್ದು ಛಲೋ ಮಾಡಲಿಲ್ಲ ನೀ, ಅದು ಖರೇ. ಇವತ್ತ ಹೇಳಿದ್ಯಲ್ಲ."

ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಅದನ್ನು ಒರೆಸಿಕೊಳ್ಳಲೂ ಅವರು ಬಿಡಲಿಲ್ಲ. "ಇಲ್ಲಿ ಕೇಳು. ಅಮ್ಮಿನಬಾವ್ಯಾಗ ಹೆಣ್ಣುಮಕ್ಕಳ ಸಂಘಕ್ಕ ರೊಟ್ಟಿ ಮಾಡೋ ಮಷೀನ್ ಬಂದೈತಂತ. ಅದರಾಗಿನ ಏನೋ ಒಂದು ಭಾಗಾ ಬಿಚ್ಚಿ ಬದಿಗಿಟ್ಟಾರಂತ. ಮಷೀನ್ ಕೊಟ್ಟವರು ಕೆಡಿಸ್ಯಾರ ಅಂತ ಸಿಟ್ಟಾಗ್ಯಾರ. ನಾಳೆ ಮುಂಜಾನಿ ಬರ್ತೀಯೇನು?"

"ಬರ್ತೇನ್ರಿ ಮೇಡಂ," ಅಂದೆ. "ಮೊದಲ ಯಾರನ್ನ ಕೇಳೂಣ್ರಿ, ಸಂಘದ ಅಧ್ಯಕ್ಷರನ್ನೋ, ಮಷೀನ್ ಕೊಟ್ಟವರನ್ನೋ?"

"ಬಿಚ್ಚಿದಾಕೀನ್ನ," ಅಂದರು ಮೇಡಂ.