ಶೆಟ್ಟಿಕೆರೆ ಗುಡ್ಡದಲ್ಲಿ ರಾಣಿಯ ಹಟ

ಶೆಟ್ಟಿಕೆರೆ ಬಳಿಯ ಗುಡ್ಡದಿಂದ ಇಳಿಯುತ್ತಿದ್ದೆವು. ಮದುವೆ ಮೆರವಣಿಗೆಗೆ ಕುದುರೆ ಕೊಡುವ ದಸ್ತಗೀರ್ ಸಾಬರು ಮುಂದೆ. ಅವರದೇ ಇನ್ನೊಂದು ಕುದುರೆ ರಾಣಿಯ ಮೇಲೆ ನಾನು ಹಿಂದೆ. ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು, ಅದರ ಬೆನ್ನಿಗೇ ಆಲಿಕಲ್ಲು! ಎದುರಿಗೇ ದಟ್ಟವಾದ ತೆಂಗಿನ ತೋಟ. ಅಲ್ಲಿ ಸೇರಿಕೊಂಡರೆ ಬಚಾವ್ ಎಂದು ಲಗಾಮನ್ನು ಅತ್ತ ಎಳೆದೆ. ಬೇಲಿಯ ಹತ್ತಿರ ಬಂದವಳೇ ರಾಣಿ ಕಾಲೂರಿ ನಿಂತುಬಿಟ್ಟಳು. ಬೆಳಿಗ್ಗೆ ಅದೇ ತೋಟದೊಳಗೆ ಹಾದು ಬಂದವಳು! ಹಿಮ್ಮಡಿಯಿಂದ ತಿವಿದೆ, ಬೈದೆ, ಕಡೆಗೆ ಅಂಗಲಾಚಿದೆ.

"ಬುಡ್ರೀ, ಎಳೀಬ್ಯಾಡಿ!" ಸಾಬರು ಕೂಗಿದರು.

ಅಷ್ಟರಲ್ಲಿ ಧಡ್ ಎಂದಿತು. ನಾನು ಹೋಗಿ ನಿಲ್ಲಬೇಕೆಂದಿದ್ದ ಮರದ ಬುಡಕ್ಕೇ ಮೂರು ನಾಲ್ಕು ಕಾಯಿ, ಜೊತೆಗೆ ಒಂದು ಒಣಗರಿ ಬಿದ್ದವು. ಸಾಬರು ನಗುತ್ತಿದ್ದರು.

"ಗಾಳಿ ಎದ್ರೆ ತೋಟಕ್ಕೆ ಕಾಲಿಡಲ್ಲ ಅದು. ಈ ಸೀಮೇಲೇ ಹುಟ್ಟಿದ್ದು ಕಣ್ರೀ. ನಿಮ್ದು ಯಾವೂರು ಅಂದ್ರಿ?"

ನಾನು ಲಗಾಮು ಸಡಿಲಬಿಟ್ಟು, ರಾಣಿಯ ಕಿವಿಯತ್ತ ಬಾಗಿ, "ನೀನೇ ಕರಕೊಂಡು ಹೋಗವ್ವ" ಎಂದೆ. ಅವಳು ಸರಕ್ಕನೆ ತಿರುಗಿ ಬಯಲಿಗೆ ನುಗ್ಗಿದಳು. ಆಲಿಕಲ್ಲು ಮುಖಕ್ಕೆ ರಪರಪ ಬಡಿಯುತ್ತಿತ್ತು. ನಾನು ಹುಚ್ಚಿಯಂತೆ ಕೇಕೆ ಹಾಕುತ್ತಿದ್ದೆ.